ಹಿಂಜರಿತದ ದಿನಗಳಲ್ಲಿ ಯಾರು ಕಾಯುತ್ತಾರೆ? ವ್ಯವಹಾರ ನೀತಿ ಮತ್ತು ಕಂಪನಿಯ ಉಳಿವು

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮುಂದಾಳತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆ ಆರಂಭವಾಯಿತು. ಮೊದಲ ದಿನ ಮುಗಿದಾಗ ಅದರ ಬಳಿ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಮೊದಲಿನದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, ಎರಡನೆಯದು ಕೆನರಾ ಬ್ಯಾಂಕ್ ಆಯಿತು. ಇವೆರಡೂ ಇನ್ನೂ ಅಂಬೆಗಾಲಿಡುತ್ತಿದ್ದ ಅದೇ ವರ್ಷದ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಭಾಗ. ಪ್ರಾಂತ್ಯದ ಸಾವಿರಾರು ಕುಟುಂಬಗಳ ಉಳಿತಾಯ ಆ ಕಂಪನಿಯಲ್ಲಿತ್ತು. ಬಹುಕಾಲದ ಹೆಸರು, ದೊಡ್ಡ ಕಟ್ಟಡ, ಸರ್ಕಾರದ ಉನ್ನತ ಅಧಿಕಾರಿಗಳ ಒಡನಾಟ, ಇವೆಲ್ಲ ಇದ್ದ ಸಂಸ್ಥೆ ಬಿದ್ದು ಅದರ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್ ವಂಚನೆಗಾಗಿ ಜೈಲು ಸೇರಿದಾಗ, ಹೆಸರಿಲ್ಲದ, ಹೆಚ್ಚು ಬಂಡವಾಳವೂ ಇಲ್ಲದ ಕರಾವಳಿಯ ಈ ಎರಡು ಸಂಸ್ಥೆಗಳು ಉಳಿದುಕೊಂಡವು.

ಉಳಿಯಲು ಹಲವು ಕಾರಣಗಳಿದ್ದವು. ಅವು ಚಿಕ್ಕವಾಗಿದ್ದುದೂ ಒಂದು ಕಾರಣ. ಆದರೂ ಆರ್ಥಿಕ ಹಿಂಜರಿತದ ಹೊತ್ತಿನಲ್ಲಿ ವ್ಯವಹಾರ ನೀತಿಯಿಂದ ಕಂಪನಿಗೆ ಏನಾದರೂ ಪ್ರಯೋಜನವಿದೆಯೇ ಎಂದು ಕೇಳುವವರು ಈ ವರ್ಷದಿಂದಲೇ ಯೋಚನೆ ಆರಂಭಿಸುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ನೀತಿವಂತಿಕೆ ಲಾಭ ತರುತ್ತದೆ ಎಂಬ ಮಾತನ್ನು ಸಭೆಗಳಲ್ಲಿ ಸಲೀಸಾಗಿ ಆಡುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಬೇಡಿಕೆ ಬಿದ್ದ ವರ್ಷದಲ್ಲಿ ಪ್ರಾಮಾಣಿಕ ಕಂಪನಿಯ ಮಾಲು ಹೆಚ್ಚು ಮಾರಾಟವಾಗುವುದಿಲ್ಲ. ಅದಕ್ಕೆ ಸಿಗುವುದು ಸಮಯ. ಬ್ಯಾಂಕು, ಸರಕು ಕೊಟ್ಟವರು, ಠೇವಣಿದಾರರು, ಕಾರ್ಮಿಕರು, ಇವರೆಲ್ಲ ತಮ್ಮ ಪಾಲನ್ನು ಇವತ್ತೇ ಕೇಳದೆ ಸ್ವಲ್ಪ ಕಾಯಲು ಒಪ್ಪುತ್ತಾರೆ. ಹಿಂಜರಿತದಲ್ಲಿ ಮುಚ್ಚುವ ಕಂಪನಿಗಳಲ್ಲಿ ಬಹಳಷ್ಟು ನಷ್ಟಕ್ಕಿಂತ ಮೊದಲು ನಗದಿನ ಕೊರತೆಯಿಂದಲೇ ಮುಚ್ಚುತ್ತವೆ. ಆದ್ದರಿಂದ ಮೂರು ತಿಂಗಳ ಕಾಯುವಿಕೆ ಕೆಲವೊಮ್ಮೆ ಇಡೀ ಸಂಸ್ಥೆಯ ಆಯುಸ್ಸನ್ನು ನಿರ್ಧರಿಸುತ್ತದೆ.

ಇದನ್ನು ಮಂಗಳೂರಿನ ಗೇರುಬೀಜ ಉದ್ಯಮದಲ್ಲಿಟ್ಟು ನೋಡಬಹುದು. ಇಲ್ಲಿನ ಕಾರ್ಖಾನೆಗಳಿಗೆ ಬೇಕಾದ ಕಚ್ಚಾ ಬೀಜದ ಬಹುಪಾಲು ಆಫ್ರಿಕಾದ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಬೀಜವನ್ನು ಸುಗ್ಗಿಯಲ್ಲಿ ಕೊಂಡು ತಿಂಗಳುಗಟ್ಟಲೆ ದಾಸ್ತಾನಿಟ್ಟು ಸಂಸ್ಕರಿಸಬೇಕು, ಆ ದಾಸ್ತಾನಿಗೆ ಬ್ಯಾಂಕಿನ ಸಾಲವೇ ಆಧಾರ. ಹೀಗಾಗಿ ತಿರುಳಿನ ಬೆಲೆ ಬಿದ್ದರೆ ಕಾರ್ಖಾನೆಯವರು ಹೆಚ್ಚಿನ ಬೆಲೆಗೆ ಕೊಂಡ ಬೀಜವನ್ನು ಗೋದಾಮಿನಲ್ಲಿಟ್ಟುಕೊಂಡು ಕಡಿಮೆ ಬೆಲೆಗೆ ತಿರುಳು ಮಾರುವ ಇಕ್ಕಟ್ಟಿಗೆ ಸಿಲುಕುತ್ತಾರೆ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಒಟ್ಟು ಶೇ. 50ರಷ್ಟು ಸುಂಕ ಹೇರಿದಾಗ ಗೇರುಬೀಜ, ಮೀನು, ಸಿಗಡಿ ರಫ್ತುದಾರರೆಲ್ಲ ಇಂಥದೇ ಪ್ರಶ್ನೆಯನ್ನು ಎದುರಿಸಬೇಕಾಯಿತು: ಹಳೆಯ ದರದಲ್ಲಿ ಮಾತು ಕೊಟ್ಟಾಗಿದೆ, ಈಗ ನಷ್ಟವನ್ನು ಯಾರ ತಲೆಗೆ ಹಾಕುವುದು?

ಆ ಹೊತ್ತಿನಲ್ಲಿ ಎದುರಾಗುವ ಆಮಿಷಗಳು ವ್ಯಾಪಾರಿಗಳಿಗೆ ಹೊಸವಲ್ಲ. ವಿದೇಶದ ಮಾರಾಟಗಾರನೊಂದಿಗಿನ ಒಪ್ಪಂದವನ್ನು ಏನೋ ನೆಪ ಹೇಳಿ ಮುರಿಯಬಹುದು. ಒಳ್ಳೆಯ ದರ್ಜೆಯ ತಿರುಳಿನ ಡಬ್ಬಿಗೆ ಕೆಳ ದರ್ಜೆಯದನ್ನು ಬೆರೆಸಬಹುದು. ಕಾರ್ಮಿಕರ ವೇತನದಿಂದ ಹಿಡಿದುಕೊಂಡ ಭವಿಷ್ಯ ನಿಧಿಯ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟದೆ ಅದರಿಂದಲೇ ವಿದ್ಯುತ್ ಬಿಲ್ಲು ಪಾವತಿಸಬಹುದು. ಎಲ್ಲಕ್ಕಿಂತ ಸುಲಭವಾದ ದಾರಿಯೆಂದರೆ ಬ್ಯಾಂಕಿಗೆ ಪ್ರತಿ ತಿಂಗಳು ಕೊಡಬೇಕಾದ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನನ್ನು ಹೆಚ್ಚಿಸಿ ತೋರಿಸುವುದು. ಸಾಲದ ಮಿತಿಯೊಳಗೆ ಎಷ್ಟು ಹಣ ತೆಗೆಯಬಹುದು ಎಂಬ ಡ್ರಾಯಿಂಗ್ ಪವರ್ ನಿರ್ಧಾರವಾಗುವುದು ಆ ಲೆಕ್ಕದ ಮೇಲೆಯೇ. ಒಂದು ತಿಂಗಳು ಹೀಗೆ ಮಾಡಿ ಮುಂದಿನ ತಿಂಗಳು ಸರಿಪಡಿಸಿಕೊಂಡರಾಯಿತು ಎಂಬ ಯೋಚನೆಯಲ್ಲಿ ಇದು ಶುರುವಾಗುತ್ತದೆ. ಆದರೆ ಮುಂದಿನ ತಿಂಗಳೂ ವ್ಯಾಪಾರ ಸುಧಾರಿಸದಿದ್ದರೆ ಹಳೆಯ ಸುಳ್ಳನ್ನು ಕಾಪಾಡಲು ಅದಕ್ಕಿಂತ ದೊಡ್ಡ ಸುಳ್ಳೇ ಬೇಕಾಗುತ್ತದೆ.

ಈ ಸಣ್ಣ ಆರಂಭ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ನಮ್ಮ ದೇಶದ ದೊಡ್ಡ ಉದಾಹರಣೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ ಒಪ್ಪಿಕೊಂಡ ಲೆಕ್ಕ ಹೀಗಿತ್ತು: ಇಲ್ಲದ ನಗದು ಮತ್ತು ಬ್ಯಾಂಕ್ ಶಿಲ್ಕು 5,040 ಕೋಟಿ ರೂಪಾಯಿ, ಬಾರದ ಬಡ್ಡಿ 376 ಕೋಟಿ, ಮುಚ್ಚಿಟ್ಟ ಸಾಲದ ಹೊಣೆ 1,230 ಕೋಟಿ, ಹೆಚ್ಚಾಗಿ ತೋರಿಸಿದ ಬಾಕಿ ವಸೂಲಿ 490 ಕೋಟಿ, ಒಟ್ಟು 7,136 ಕೋಟಿ. ಈ ಅಂತರ ಒಂದೇ ದಿನ ಹುಟ್ಟಿದ್ದಲ್ಲ, ವರ್ಷದಿಂದ ವರ್ಷಕ್ಕೆ ಬೆಳೆದದ್ದು. ಷೇರುಪೇಟೆ ಏರುತ್ತಿದ್ದಷ್ಟು ಕಾಲ ಅದು ಮುಚ್ಚಿಕೊಂಡಿತ್ತು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ಬಿದ್ದು ಪೇಟೆಗಳೆಲ್ಲ ಕುಸಿದವು. ಡಿಸೆಂಬರಿನಲ್ಲಿ ಕುಟುಂಬದ್ದೇ ಆದ ಮೇಟಾಸ್ ಕಂಪನಿಗಳನ್ನು ಕೊಂಡು ಕಾಗದದ ಆಸ್ತಿಯ ಜಾಗಕ್ಕೆ ನಿಜವಾದ ಆಸ್ತಿಯನ್ನು ತರುವ ಕೊನೆಯ ಪ್ರಯತ್ನ ಹೂಡಿಕೆದಾರರ ಪ್ರತಿಭಟನೆಯಿಂದ ಕೆಲವೇ ಗಂಟೆಗಳಲ್ಲಿ ಬಿದ್ದುಹೋಯಿತು. ಆಮೇಲೆ ಪ್ರವರ್ತಕರು ಅಡವಿಟ್ಟಿದ್ದ ಷೇರುಗಳನ್ನು ಸಾಲ ಕೊಟ್ಟ ಸಂಸ್ಥೆಗಳು ಮಾರತೊಡಗಿದವು. ಪತ್ರ ಹೊರಬಿದ್ದ ದಿನ ಷೇರಿನ ಬೆಲೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಹಿಂಜರಿತ ಆ ವಂಚನೆಯನ್ನು ಸೃಷ್ಟಿಸಲಿಲ್ಲ, ಅದಕ್ಕೆ ಉಳಿದಿದ್ದ ಸಮಯವನ್ನು ಕಿತ್ತುಕೊಂಡಿತು.

ಸತ್ಯಂ ಪ್ರಕರಣದ ಇನ್ನೊಂದು ಮುಖವನ್ನು ಜನ ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ಕೇಂದ್ರ ಸರ್ಕಾರ ಹಳೆಯ ಆಡಳಿತ ಮಂಡಳಿಯನ್ನು ತೆಗೆದು ಹೊಸಬರನ್ನು ನೇಮಿಸಿ, ನೂರು ದಿನ ತುಂಬುವ ಮೊದಲೇ, 2009ರ ಏಪ್ರಿಲಿನಲ್ಲಿ, ಟೆಕ್ ಮಹೀಂದ್ರಾ ಸಂಸ್ಥೆಯು ಹರಾಜಿನಲ್ಲಿ ಆ ಕಂಪನಿಯನ್ನು ಪಡೆಯಿತು. ಗಿರಾಕಿಗಳಲ್ಲಿ ಅನೇಕರು ಹೋದರು, ಆದರೆ ಬಹಳಷ್ಟು ಮಂದಿ ಉಳಿದರು. ಸಾವಿರಾರು ಇಂಜಿನಿಯರುಗಳು ಕೆಲಸ ಮುಂದುವರಿಸಿದರು. ಅವರು ಕಾದದ್ದು ಹಳೆಯ ಮಾಲೀಕರ ಮೇಲಿನ ನಂಬಿಕೆಯಿಂದಲ್ಲ, ಹೊಸ ಮಂಡಳಿಯಲ್ಲಿದ್ದ ವ್ಯಕ್ತಿಗಳ ಹೆಸರಿನ ಮೇಲಿನ ನಂಬಿಕೆಯಿಂದ. ಎಂದರೆ ಪ್ರಾಮಾಣಿಕತೆಯ ಹೆಸರನ್ನು ಹೊರಗಿನಿಂದ ಎರವಲು ತಂದಾದರೂ ಕಂಪನಿಗೆ ಕೆಲವು ವಾರಗಳ ಜೀವ ಕೊಡಬಹುದು.

ಅರ್ಥಶಾಸ್ತ್ರದ ಅಧ್ಯಯನಗಳೂ ಸ್ಥೂಲವಾಗಿ ಇತ್ತಲೇ ಬೆರಳು ತೋರಿಸುತ್ತವೆ, ಆದರೆ ಎಲ್ಲವೂ ಒಂದೇ ಧ್ವನಿಯಲ್ಲಿ ಮಾತನಾಡುವುದಿಲ್ಲ. ಕಾರ್ಲ್ ಲಿನ್ಸ್, ಹೆನ್ರಿ ಸರ್ವೇಸ್ ಮತ್ತು ಆನೆ ತಮಾಯೊ 2017ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಕಂಪನಿಗಳನ್ನು ಕುರಿತದ್ದು. 2008-09ರ ಬಿಕ್ಕಟ್ಟಿಗೆ ಮೊದಲೇ ಸಾಮಾಜಿಕ ಹೊಣೆಗಾರಿಕೆಯಲ್ಲಿ ಮೇಲ್ಮಟ್ಟದಲ್ಲಿದ್ದ ಕಂಪನಿಗಳ ಷೇರು ಗಳಿಕೆಯು ಆ ಕುಸಿತದ ತಿಂಗಳುಗಳಲ್ಲಿ ಕೆಳಮಟ್ಟದ ಕಂಪನಿಗಳಿಗಿಂತ ಶೇ. 4ರಿಂದ 7 ಅಂಶಗಳಷ್ಟು ಹೆಚ್ಚಿತ್ತು ಎಂದು ಅವರು ಕಂಡುಕೊಂಡರು. ಅಂಥ ಕಂಪನಿಗಳಿಗೆ ಸಾಲವೂ ಹೆಚ್ಚು ಸಿಕ್ಕಿತು. ಇದೇ ಪರೀಕ್ಷೆಯನ್ನು ಕೋವಿಡ್ ಕಾಲದ ಕುಸಿತಕ್ಕೆ ಅನ್ವಯಿಸಿದ ಬೇರೆ ಸಂಶೋಧಕರಿಗೆ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ. ಈ ಭಿನ್ನತೆಗೆ ನನಗೆ ತೋರುವ ಕಾರಣ ಸರಳವಾದದ್ದು. 2008ರಲ್ಲಿ ಮುರಿದುಬಿದ್ದದ್ದು ನಂಬಿಕೆ. ಯಾರ ಲೆಕ್ಕಪತ್ರ ನಿಜ, ಯಾರದು ಸುಳ್ಳು ಎಂಬುದೇ ಆಗಿನ ಪ್ರಶ್ನೆ. 2020ರಲ್ಲಿ ಮುಚ್ಚಿದ್ದು ಅಂಗಡಿಯ ಬಾಗಿಲು. ಪ್ರಾಮಾಣಿಕನ ಅಂಗಡಿಯೂ ಅಪ್ರಾಮಾಣಿಕನ ಅಂಗಡಿಯೂ ಒಂದೇ ದಿನ ಮುಚ್ಚಿದವು. ಜೊತೆಗೆ, ಈ ಅಧ್ಯಯನಗಳು ಅಳೆಯುವುದು ಬಹುಮಟ್ಟಿಗೆ ಸಾಮಾಜಿಕ ಹೊಣೆಗಾರಿಕೆಯ ಅಂಕಗಳನ್ನು. ಶಾಲೆಗೆ ಬೆಂಚು ಕೊಟ್ಟದ್ದಕ್ಕೂ ಸರಕು ಕೊಟ್ಟವನಿಗೆ ಹೇಳಿದ ದಿನ ಹಣ ಕೊಟ್ಟದ್ದಕ್ಕೂ ಬಹಳ ವ್ಯತ್ಯಾಸವಿದೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಲೇಬೇಕು. ಅಷ್ಟನ್ನು ಮಾಡಿ ಫೋಟೋ ಹಾಕಿಸಿಕೊಂಡ ಕಂಪನಿಯೇ ತನ್ನ ಸಣ್ಣ ಪೂರೈಕೆದಾರನನ್ನು ಆರು ತಿಂಗಳು ಅಲೆದಾಡಿಸಬಹುದು.

ಪೂರೈಕೆದಾರರ ಬಾಕಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಹಿಂಜರಿತದಲ್ಲಿ ನೀತಿಯ ಪರೀಕ್ಷೆ ದಿನನಿತ್ಯ ನಡೆಯುವುದು ಅಲ್ಲಿಯೇ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಪ್ಯಾಕಿಂಗ್ ಡಬ್ಬಿ, ಯಂತ್ರದ ಬಿಡಿಭಾಗ ಅಥವಾ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕವೊಂದನ್ನು ಊಹಿಸಿಕೊಳ್ಳೋಣ. ಅದರಿಂದ ತಿಂಗಳಿಗೆ 20 ಲಕ್ಷ ರೂಪಾಯಿಯ ಮಾಲು ಕೊಳ್ಳುವ ದೊಡ್ಡ ಕಂಪನಿ ಪಾವತಿಯನ್ನು 30 ದಿನದಿಂದ 90 ದಿನಕ್ಕೆ ಮುಂದೂಡಿದರೆ ಆ ದೊಡ್ಡ ಕಂಪನಿಗೆ 40 ಲಕ್ಷದ ಬಡ್ಡಿಯಿಲ್ಲದ ಸಾಲ ಸಿಕ್ಕಂತಾಯಿತು. ಅದರ ಮುಖ್ಯ ಹಣಕಾಸು ಅಧಿಕಾರಿಗೆ ಇದು ಜಾಣತನವಾಗಿ ಕಾಣಬಹುದು. ಆದರೆ ಸಣ್ಣ ಘಟಕದವರು ಸುಮ್ಮನಿರುವುದಿಲ್ಲ: ಮುಂದಿನ ದರಪಟ್ಟಿಯಲ್ಲಿ ತಿಂಗಳಿಗೆ ಶೇ. 2ರಂತೆ ತಡಪಾವತಿಯ ಭಾರವನ್ನು ಸೇರಿಸಿದರೂ ವರ್ಷಕ್ಕೆ ಶೇ. 24 ಆಯಿತು, ಬ್ಯಾಂಕಿನ ಸಾಮಾನ್ಯ ವ್ಯಾಪಾರ ಸಾಲಕ್ಕಿಂತ ದುಬಾರಿ. ಅದಕ್ಕಿಂತ ಮುಖ್ಯವಾಗಿ, ಮಾಲಿನ ಕೊರತೆ ಬಂದ ದಿನ ಅವರು ಮೊದಲು ಕಳಿಸುವುದು ಹೇಳಿದ ಮಾತಿಗೆ ತಪ್ಪದೆ ಹಣ ಕೊಟ್ಟ ಗಿರಾಕಿಗೆ. ಪೇಟೆ ಮತ್ತೆ ಚೇತರಿಸಿಕೊಂಡಾಗ ಯಾರ ಕಾರ್ಖಾನೆ ಮೊದಲು ಪೂರ್ಣ ಪ್ರಮಾಣದಲ್ಲಿ ತಿರುಗುತ್ತದೆ ಎಂಬುದು ಅಂಥ ಸಣ್ಣ ಆದ್ಯತೆಗಳಿಂದ ನಿರ್ಧಾರವಾಗುತ್ತದೆ.

ಕಾನೂನು ಇಲ್ಲಿ ದುರ್ಬಲವಾಗಿಲ್ಲ. 2006ರ ಸಣ್ಣ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಕಿರು ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿಯಂತೆ ಹಾಗೆ ತಡಮಾಡಿದ ಮೊತ್ತವನ್ನು, ನಿಜವಾಗಿ ಪಾವತಿಸುವ ವರ್ಷದವರೆಗೆ, ಖರ್ಚೆಂದು ತೋರಿಸುವಂತೆಯೂ ಇಲ್ಲ. ಆದರೆ ಬಾಕಿ ಕೊಡದ ಗಿರಾಕಿಯೇ ಘಟಕದ ಏಕೈಕ ದೊಡ್ಡ ಗಿರಾಕಿಯಾಗಿರುವಾಗ ಅವನ ಮೇಲೆ ದೂರು ಕೊಡುವ ಧೈರ್ಯ ಎಷ್ಟು ಮಂದಿಗೆ ಇರುತ್ತದೆ? ಕಾಯ್ದೆ ಇದ್ದೂ ಇಲ್ಲದಂತಾಗುವ ಈ ಜಾಗದಲ್ಲಿ ಉಳಿಯುವುದು ಕೊಳ್ಳುವವನ ಆತ್ಮಸಾಕ್ಷಿಯೊಂದೇ, ಮತ್ತು ಸಣ್ಣವರ ಬದುಕನ್ನು ಅದೊಂದಕ್ಕೇ ಬಿಟ್ಟುಬಿಡುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಕಾರ್ಮಿಕರ ಕಡೆಗೆ ಬಂದರೆ ವಿಷಯ ಇನ್ನೂ ನೇರ. 1990ರ ದಶಕದ ಆರಂಭದ ಹಿಂಜರಿತದಲ್ಲಿ ಅಮೆರಿಕದ ಈಶಾನ್ಯ ಭಾಗದ 300ಕ್ಕೂ ಹೆಚ್ಚು ಉದ್ಯಮಿಗಳು ಮತ್ತಿತರರನ್ನು ಮಾತನಾಡಿಸಿದ ಅರ್ಥಶಾಸ್ತ್ರಜ್ಞ ಟ್ರೂಮನ್ ಬ್ಯೂಲಿಗೆ ತಿಳಿದದ್ದೇನೆಂದರೆ, ಸಂಬಳ ಕಡಿತ ಮಾಡಲು ಅವರು ಹಿಂಜರಿಯುವುದು ಕೆಲಸಗಾರರ ಮನಸ್ಸು ಮುರಿಯುತ್ತದೆ ಎಂಬ ಭಯದಿಂದ. ಗೇರುಬೀಜ ಕಾರ್ಖಾನೆಯಲ್ಲಿ ಇದಕ್ಕೆ ಅಳೆಯಬಹುದಾದ ಬೆಲೆಯೇ ಇದೆ. ಸಿಪ್ಪೆ ಸುಲಿಯುವ ಮಹಿಳೆಯರ ಕೈಯಲ್ಲಿ ತಿರುಳು ಇಡಿಯಾಗಿ ಉಳಿದರೆ ಡಬ್ಲ್ಯೂ-320ರಂಥ ದರ್ಜೆಗೆ ಸೇರುತ್ತದೆ. ತುಂಡಾದರೆ ಬೆಲೆ ಬಹಳ ಇಳಿಯುತ್ತದೆ. ಆ ನಾಜೂಕು ವರ್ಷಗಳ ಅಭ್ಯಾಸದಿಂದ ಬಂದದ್ದು. ಮೂರು ತಿಂಗಳು ಕೆಲಸವಿಲ್ಲ ಎಂದು ಒಂದು ಮಾತೂ ಹೇಳದೆ ಗೇಟು ಮುಚ್ಚಿದ ಕಾರ್ಖಾನೆಗೆ ಆ ಕೈಗಳು ಮತ್ತೆ ಬರದೆ ಇರಬಹುದು. ವಾರಕ್ಕೆ ಮೂರು ದಿನವಾದರೂ ಕೆಲಸ ಹಂಚಿಕೊಟ್ಟು, ಇರುವ ಪರಿಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದ ಮಾಲೀಕನಿಗೆ ಬೇಡಿಕೆ ಮರಳಿದ ದಿನ ಇಡೀ ತಿರುಳಿನ ಪ್ರಮಾಣದಲ್ಲಿ ಅದರ ಫಲ ಕಾಣುತ್ತದೆ.

ಕರಾವಳಿಯ ಬ್ಯಾಂಕುಗಳಿಗೆ ಮರಳುವುದಾದರೆ, 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈಯವರು 8,000 ರೂಪಾಯಿ ಬಂಡವಾಳದಿಂದ ಕಟ್ಟಿದ ಸಿಂಡಿಕೇಟ್, 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಸಂಗ್ರಾಹಕ ಮನೆಬಾಗಿಲಿಗೆ ಬಂದು ನೇಕಾರನಿಂದ, ಗೂಡಂಗಡಿಯವನಿಂದ ಚಿಲ್ಲರೆ ಪಡೆದು ಪುಸ್ತಕದಲ್ಲಿ ಬರೆದುಕೊಡುವ ಈ ಪದ್ಧತಿ ಹುಟ್ಟಿದ ಮರುವರ್ಷವೇ ಜಗತ್ತಿನ ಮಹಾ ಕುಸಿತ ಬಂತು, ಕೃಷಿ ಉತ್ಪನ್ನಗಳ ಬೆಲೆ ನೆಲಕ್ಕಿಳಿಯಿತು. ದೊಡ್ಡ ಠೇವಣಿದಾರ ಒಂದು ಪತ್ರ ಬರೆದು ಎಲ್ಲ ಹಣ ಒಯ್ಯಬಲ್ಲ. ಸಾವಿರಾರು ಸಣ್ಣ ಠೇವಣಿದಾರರು ಒಟ್ಟಿಗೆ ಬರುವುದು ಅವರಿಗೆ ಭಯ ಹುಟ್ಟಿದಾಗ ಮಾತ್ರ, ಮತ್ತು ದಿನವೂ ಸಂಜೆ ಪುಸ್ತಕದಲ್ಲಿ ಸರಿಯಾದ ಅಂಕಿ ಕಂಡವರಿಗೆ ಆ ಭಯ ಬೇಗ ಹುಟ್ಟುವುದಿಲ್ಲ. ಅದೇ ಕುಸಿತದ ನಡುವೆ, 1931ರ ಅಕ್ಟೋಬರ್ 23ರಂದು, ಸಾಲ ಸಿಗದೆ ಕಂಗೆಟ್ಟ ರೈತರಿಗಾಗಿ ಅತ್ತಾವರ ಬಾಲಕೃಷ್ಣ ಶೆಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿತು. ಈ ಕಥೆಗೆ ಇನ್ನೊಂದು ಪುಟವೂ ಇದೆ: ಮಳೆಗಾಲದಲ್ಲೂ ಬೀದಿ ಸುತ್ತಿ ಬ್ಯಾಂಕುಗಳ ಹೆಸರನ್ನು ಮನೆಮನೆಗೆ ಒಯ್ದ ಸಂಗ್ರಾಹಕರು ಕಮಿಷನ್ನಿನ ಮೇಲೆಯೇ ಬದುಕಿದರು, ಅವರು ಕಾರ್ಮಿಕರು ಎಂಬ ಮಾತಿಗೆ ಸುಪ್ರೀಂ ಕೋರ್ಟಿನ ಮುದ್ರೆ ಬೀಳಲು 2001ರವರೆಗೆ ಕಾಯಬೇಕಾಯಿತು.

ಸಹಕಾರ ಕ್ಷೇತ್ರದ ಉದಾಹರಣೆ ಕ್ಯಾಂಪ್ಕೊ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದು ಬೆಳೆಗಾರರು ಮಂಡಿಯ ದಯೆಗೆ ಬಿದ್ದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಈ ಸಂಸ್ಥೆ ಹುಟ್ಟಿತು. ತೂಕ, ದರ್ಜೆ, ಘೋಷಿಸಿದ ಬೆಲೆ, ಈ ಮೂರರಲ್ಲಿ ಮೋಸವಿಲ್ಲ ಎಂಬುದೇ ಅದರ ಬಂಡವಾಳ. ಕೆಲವು ವರ್ಷಗಳ ಬಳಿಕ ಕೊಕ್ಕೊ ಬೆಲೆ ಬಿದ್ದು ಖಾಸಗಿ ಖರೀದಿದಾರರು ಹಿಂದೆ ಸರಿದಾಗ, ಅವರ ಮಾತು ನಂಬಿ ತೋಟದಲ್ಲಿ ಕೊಕ್ಕೊ ನೆಟ್ಟಿದ್ದವರ ಕೈಹಿಡಿದದ್ದೂ ಇದೇ ಸಂಸ್ಥೆ. ಲಾಭದ ಲೆಕ್ಕದಲ್ಲಿ ಅದು ವಿವೇಕದ ಹೆಜ್ಜೆಯೆಂದು ಆಗ ಯಾರಿಗೂ ತೋರಿರಲಾರದು. ಕೊಂಡ ಬೀಜಕ್ಕೆ ದಾರಿ ಹುಡುಕುತ್ತ ಹೋಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ನಿಂತಿತು.

ಹೀಗೆ ಉಳಿದವರ ಕಥೆಗಳನ್ನೇ ಹೇಳುತ್ತ ಹೋಗುವುದರಲ್ಲಿ ಒಂದು ಅಪಾಯವಿದೆ. 1880ರಿಂದ 1935ರ ನಡುವೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ 22 ಬ್ಯಾಂಕುಗಳು ಹುಟ್ಟಿದವು. ದೇಶಮಟ್ಟಕ್ಕೆ ಬೆಳೆದದ್ದು ಐದು. ಉಳಿದವೆಲ್ಲ ಅಪ್ರಾಮಾಣಿಕರದ್ದಾಗಿದ್ದವು ಎನ್ನಲು ಯಾವ ಆಧಾರವೂ ಇಲ್ಲ. ಒಂದೇ ಊರಿನ, ಒಂದೇ ಬೆಳೆಯ ಸಾಲಗಾರರನ್ನು ನೆಚ್ಚಿಕೊಂಡ ಬ್ಯಾಂಕು ಎಷ್ಟೇ ಶುದ್ಧವಾಗಿದ್ದರೂ ಆ ಬೆಳೆಯ ಬೆಲೆಯೊಂದಿಗೆ ಮುಳುಗಬಹುದು. ತಪ್ಪು ವ್ಯಾಪಾರಕ್ಕೆ ಹಾಕಿದ ಹಣವನ್ನು ಪ್ರಾಮಾಣಿಕತೆ ಮರಳಿಸುವುದಿಲ್ಲ. ಮಿತಿಮೀರಿದ ಸಾಲ ಮಾಡಿದವನಿಗೆ ಸರಕು ಕೊಟ್ಟವರು ಮೂರು ತಿಂಗಳು ಕಾಯಬಹುದು, ಮೂರು ವರ್ಷ ಕಾಯಲಾರರು. ಇನ್ನು ಕೆಲವರು ಅಡ್ಡದಾರಿ ಹಿಡಿದೂ ಒಂದು ಹಿಂಜರಿತವನ್ನು ದಾಟಿ ಶ್ರೀಮಂತರಾಗುತ್ತಾರೆ ಎಂಬುದನ್ನು ಅಲ್ಲಗಳೆದರೆ ಓದುಗರು ನಂಬಲಾರರು, ನಂಬಲೂಬಾರದು.

ಆದರೆ ಒಂದು ನಡವಳಿಕೆಯ ಫಲ ಮಾತ್ರ ಬಹುಮಟ್ಟಿಗೆ ಖಚಿತ: ಕೆಟ್ಟ ಸುದ್ದಿಯನ್ನು ಬೇಗ ಹೇಳುವುದು. ಸಾಲದ ಕಂತು 90 ದಿನ ಬಾಕಿಯಾದರೆ ಖಾತೆ ಅನುತ್ಪಾದಕವಾಗುತ್ತದೆ. ಅದಕ್ಕೂ ಮೊದಲು 30 ಮತ್ತು 60 ದಿನಗಳ ಹಂತಗಳಲ್ಲಿಯೇ ಬ್ಯಾಂಕು ಖಾತೆಯನ್ನು ಗುರುತಿಸಿಡುತ್ತದೆ. 2019ರಲ್ಲಿ ಸಣ್ಣ ಉದ್ಯಮಗಳಿಗೆ, ಮತ್ತೆ 2020ರಲ್ಲಿ ಕೋವಿಡ್ ಕಾಲದಲ್ಲಿ, ರಿಸರ್ವ್ ಬ್ಯಾಂಕ್ ಸಾಲ ಪುನರ್ರಚನೆಗೆ ಅವಕಾಶ ಕೊಟ್ಟಾಗ ಅದರ ಅನುಕೂಲ ಸಿಕ್ಕಿದ್ದು ಆವರೆಗೆ ಖಾತೆ ಕೆಡದವರಿಗೆ. ಮೊದಲ ತಿಂಗಳೇ ನಿಜವಾದ ದಾಸ್ತಾನಿನ ಲೆಕ್ಕದೊಂದಿಗೆ ಮ್ಯಾನೇಜರರ ಮುಂದೆ ಕುಳಿತವನಿಗೂ ಐದನೆಯ ತಿಂಗಳು ಗೋದಾಮು ಖಾಲಿ ಎಂದು ತಪಾಸಣೆಯಲ್ಲಿ ಸಿಕ್ಕಿಬಿದ್ದವನಿಗೂ ಒಂದೇ ಬಗೆಯ ನಷ್ಟವಾಗಿರಬಹುದು, ಆದರೆ ಎರಡನೆಯವನ ಮುಂದೆ ಇರುವುದು ವಸೂಲಿ ಮತ್ತು ಪೊಲೀಸ್ ದೂರು.

ಇಲ್ಲಿ ಕರಾವಳಿಗೇ ವಿಶೇಷವಾದ ಒಂದು ಕಳವಳವಿದೆ. ಕೊಟ್ಟ ಮಾತಿಗೆ ನಿಲ್ಲುವವರು ಯಾರು ಎಂಬ ತಿಳಿವಳಿಕೆ ಒಂದು ಕಾಲದಲ್ಲಿ ಸಾಲ ಮಂಜೂರು ಮಾಡುವವರಲ್ಲೇ ಇತ್ತು. ಬಂದರಿನ ಮಂಡಿಯಲ್ಲಿ, ಮಲ್ಪೆಯ ದಕ್ಕೆಯಲ್ಲಿ ಯಾರ ಬಾಕಿ ಎಷ್ಟು ದಿನ ನಿಂತಿದೆ ಎಂಬುದು ಅವರ ಕಿವಿಗೆ ಬೀಳುತ್ತಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಲೀನವಾದವು. ದೇಶಮಟ್ಟಕ್ಕೆ ಬೆಳೆದ ಆ ಐದು ಬ್ಯಾಂಕುಗಳಲ್ಲಿ ಮಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವುದು 1924ರಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕಿಗೆ ಮಾತ್ರ. ಈಗ ಉದ್ಯಮಿಯ ನಡತೆಯ ಬಗ್ಗೆ ಮಾತನಾಡುವುದು ಕ್ರೆಡಿಟ್ ಸ್ಕೋರು ಮತ್ತು ಜಿಎಸ್‌ಟಿ ವಿವರ. ಬ್ಯಾಂಕಿನ ಕಂತು ಕಟ್ಟಿದನೇ ಎಂಬುದನ್ನು ಅವು ಹೇಳುತ್ತವೆ. ಡಬ್ಬಿ ಕೊಟ್ಟವನಿಗೆ ಹಣ ಕೊಟ್ಟನೇ, ಕೆಲಸ ಕಡಿಮೆಯಾದ ತಿಂಗಳಲ್ಲಿ ಸುಲಿಯುವ ಹೆಂಗಸರನ್ನು ಉಳಿಸಿಕೊಂಡನೇ ಎಂಬುದನ್ನು ಹೇಳುವುದಿಲ್ಲ. ಒಳ್ಳೆಯ ನಡತೆ ಸಮಯವನ್ನು ಗಳಿಸಿಕೊಡಬೇಕಾದರೆ ಅದು ಸಮಯ ಕೊಡುವವರ ಕಣ್ಣಿಗೆ ಬೀಳಬೇಕು. ಸಣ್ಣ ಘಟಕಗಳಿಗೆ 45 ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿಗಳು ಆರು ತಿಂಗಳಿಗೊಮ್ಮೆ ಅದರ ವಿವರವನ್ನು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಈಗಾಗಲೇ ಸಲ್ಲಿಸಬೇಕಾಗಿದೆ. ಬೈಕಂಪಾಡಿಯ ಸಣ್ಣ ಉದ್ಯಮಿ ಹೊಸ ಗಿರಾಕಿಗೆ ಉದ್ರಿಯ ಮೇಲೆ ಮೊದಲ ಲಾರಿ ಮಾಲು ಕಳಿಸುವ ಮುನ್ನ ತನ್ನ ಮೊಬೈಲಿನಲ್ಲೇ ಆ ವಿವರವನ್ನು ಸುಲಭವಾಗಿ, ಕನ್ನಡದಲ್ಲಿ ನೋಡುವಂತಾಗಬೇಕು. ಅವನಿಗೆ ಸಾಲ ಕೊಡುವ ಬ್ಯಾಂಕು ಕೂಡ ಆ ಗಿರಾಕಿಯ ಸಾಲದ ಬಡ್ಡಿದರ ನಿಗದಿ ಮಾಡುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.